ಸರಿಯದೆ ನಿಂತ ಪಟ್ಟಿ

ನನ್ನ ಸೋದರತ್ತೆ ಹಾಸನದಲ್ಲಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಅವರ ರೆಟಿನಾವನ್ನು ತಿನ್ನತೊಡಗಿ ಆರೇಳು ವರ್ಷವಾಯಿತು. ಅಚ್ಚಿನ ಪುಸ್ತಕ ಈಗ ಆಗುವುದಿಲ್ಲ. ಮಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್ ಮತ್ತು ಪ್ಲಸ್ ಕೀಲಿಗಳನ್ನು ಒತ್ತಿ ಒತ್ತಿ, ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಂಡು ಓದುತ್ತಾರೆ. ಕಳೆದ ಯುಗಾದಿಗೆ ಹೋಗಿದ್ದಾಗ, ನಾನೇ ಕಟ್ಟಿಕೊಟ್ಟಿದ್ದ ಒಂದು ಸಣ್ಣ ಸಾಹಿತ್ಯ ಪತ್ರಿಕೆಯ ಜಾಲತಾಣವನ್ನು ತೆರೆದು ತೋರಿಸಿ, "ಇದರಲ್ಲಿ ಒಳ್ಳೊಳ್ಳೆ ಕತೆ ಬರ್ತವೆ ಅತ್ತೆ, ಓದಿ" ಎಂದೆ. ಸ್ವಲ್ಪ ಜಂಬದಿಂದಲೇ ಹೇಳಿದೆ ಅನ್ನಿ.

ಸಂಜೆ ಕಾಫಿ ಕುಡಿಯುವಾಗ ಕತೆ ಹೇಗಿತ್ತು ಎಂದು ಕೇಳಿದೆ. "ಕತೆ ಚೆನ್ನಾಗಿದ್ಯೋ ಏನೋ ಕಣೋ. ಎರಡು ಸಾಲು ಕಾಣುತ್ತೆ, ಮಿಕ್ಕಿದ್ದೆಲ್ಲ ಪತ್ರಿಕೆ ಹೆಸರೇ. ಎಷ್ಟು ಕೆಳಗಿಳಿಸಿದ್ರೂ ಅದು ಹೋಗೋದೇ ಇಲ್ಲ. ನಂಗೆ ಹೆಸರು ನೆನಪಿದೆ, ನೀನು ಹೋಗಪ್ಪಾ ಅಂತ ಅದಕ್ಕೆ ಹೇಗೆ ಹೇಳೋದು?" ಅಂದರು.

ಎದ್ದು ಹೋಗಿ ನೋಡಿದೆ. ಆ ಲ್ಯಾಪ್‌ಟಾಪಿನ ಪರದೆ 1366 ಪಿಕ್ಸೆಲ್ ಅಗಲ, 768 ಪಿಕ್ಸೆಲ್ ಎತ್ತರದ್ದು. ಕೆಳಗಿನ ಟಾಸ್ಕ್‌ಬಾರು, ಬ್ರೌಸರಿನ ವಿಳಾಸದ ಜಾಗ ಇವನ್ನೆಲ್ಲ ಕಳೆದರೆ ಓದಲು ಉಳಿಯುವ ಎತ್ತರ ಸುಮಾರು 640. ಅತ್ತೆ ಅದನ್ನು ಶೇಕಡ 400ಕ್ಕೆ ಹಿಗ್ಗಿಸಿದ್ದರು. ಅಂದರೆ ನನ್ನ ಕೋಡಿನ ಲೆಕ್ಕದಲ್ಲಿ ಅವರ ಪರದೆಯ ಎತ್ತರ ಬರೀ 160. ಅದರಲ್ಲಿ ಪತ್ರಿಕೆಯ ಹೆಸರು, ಮೆನು, ಹುಡುಕುವ ಭೂತಗನ್ನಡಿಯ ಚಿತ್ರ ಇರುವ ಮೇಲಿನ ಪಟ್ಟಿ 64 ಪಿಕ್ಸೆಲ್. 'ಚಂದಾದಾರರಾಗಿ' ಎನ್ನುವ ಕೆಳಗಿನ ಪಟ್ಟಿ 40. ನಡುವೆ ಉಳಿದ 56 ಪಿಕ್ಸೆಲ್ಲಿನ ಕಿಂಡಿಯಲ್ಲಿ ಎರಡು ಸಾಲು ಕತೆ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ, ನಾನು ಬರೆದದ್ದನ್ನೇ ಯಂತ್ರ ಮಾಡುತ್ತಿತ್ತು.

ನಮ್ಮ ಕಸುಬಿನಲ್ಲಿ ಇದೊಂದು ವಿಚಿತ್ರ. ಯಾವ ತಾಣವನ್ನಾದರೂ ಹತ್ತು ಬಗೆಯ ಅಗಲದಲ್ಲಿ ಪರೀಕ್ಷಿಸುತ್ತೇವೆ. ಫೋನಿಗೆ ಇಷ್ಟು, ಟ್ಯಾಬಿಗೆ ಇಷ್ಟು, ದೊಡ್ಡ ಪರದೆಗೆ ಇಷ್ಟು. ಎತ್ತರವನ್ನು ಮಾತ್ರ ಯಾರೂ ನೋಡುವುದಿಲ್ಲ. ಪುಟ ಕೆಳಗಿಳಿಯುತ್ತಲೇ ಇರುತ್ತದಲ್ಲ, ಎತ್ತರಕ್ಕೇನು ಬರ ಎಂಬ ಉಡಾಫೆ.

ಪಟ್ಟಿಯನ್ನು ಕದಲದಂತೆ ನಿಲ್ಲಿಸುವ ಆಸೆ ವೆಬ್‌ನಷ್ಟೇ ಹಳೆಯದು. 1996ರಲ್ಲಿ ಬಂದ ನೆಟ್‌ಸ್ಕೇಪ್ 2.0 ಬ್ರೌಸರಿನಲ್ಲಿ ಫ್ರೇಮ್‌ಗಳಿದ್ದವು. ಒಂದು ಚೌಕಟ್ಟಿನಲ್ಲಿ ಮೆನು, ಇನ್ನೊಂದರಲ್ಲಿ ವಿಷಯ, ಎರಡನೆಯದು ಸರಿದರೂ ಮೊದಲನೆಯದು ನಿಂತೇ ಇರುತ್ತಿತ್ತು. ಒಳಗಿನ ಪುಟದ ವಿಳಾಸವೇ ಮೇಲೆ ಕಾಣುತ್ತಿರಲಿಲ್ಲವಾದ್ದರಿಂದ ಯಾರಿಗಾದರೂ 'ಇದನ್ನು ಓದು' ಎಂದು ಕೊಂಡಿ ಕಳಿಸುವುದೇ ಕಷ್ಟವಾಗಿತ್ತು. 1998ರ ಸಿಎಸ್ಎಸ್ 2ರಲ್ಲಿ 'ಪೊಸಿಷನ್ ಫಿಕ್ಸೆಡ್' ಎಂಬ ಗುಣ ಬಂತು. ಆದರೆ ಬಹುಪಾಲು ಜನ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಅದು ಅರ್ಥವಾಗುತ್ತಿರಲಿಲ್ಲ, 2006ರಲ್ಲಿ ಏಳನೆಯ ಆವೃತ್ತಿ ಬರುವವರೆಗೂ ಕಾಯಬೇಕಾಯಿತು. ಈಗ ಎಲ್ಲರೂ ಬಳಸುವ 'ಸ್ಟಿಕಿ' ಇನ್ನೂ ಜಾಣ. ತನ್ನ ಜಾಗದಲ್ಲಿ ಸುಮ್ಮನಿದ್ದು, ಪುಟ ಸರಿಯುತ್ತಾ ಪರದೆಯ ಅಂಚಿಗೆ ಬಂದೊಡನೆ ಅಲ್ಲಿಗೆ ಅಂಟಿಕೊಳ್ಳುತ್ತದೆ. ಇವತ್ತು ಒಂದು ಪಟ್ಟಿಯನ್ನು ಓದುಗರ ಕಣ್ಣೆದುರು ಸದಾಕಾಲ ನಿಲ್ಲಿಸಲು ನನಗೆ ಬೇಕಾಗಿರುವುದು ಎರಡು ಸಾಲು ಕೋಡ್. ಇಷ್ಟು ಸುಲಭವಾದದ್ದರಿಂದಲೇ ಇದನ್ನು ಮಾಡಬೇಕೇ ಎಂಬ ಪ್ರಶ್ನೆ ಯಾರಿಗೂ ಏಳುವುದಿಲ್ಲವೆಂದು ಕಾಣುತ್ತದೆ. ನನಗಂತೂ ಎದ್ದಿರಲಿಲ್ಲ.

ಅತ್ತೆಯ ಮಾತಿನಲ್ಲಿ ನನ್ನನ್ನು ಚುಚ್ಚಿದ್ದು 'ಅದಕ್ಕೆ ಹೇಗೆ ಹೇಳೋದು' ಎಂಬುದು. ಯೋಚಿಸಿ ನೋಡಿದರೆ ಅವರು ಹೇಳಿಯೇ ಇದ್ದರು. ಪುಟವನ್ನು ಕೆಳಗೆ ಸರಿಸುವುದು ಒಂದು ಮಾತು. ಇದನ್ನು ನೋಡಿಯಾಯಿತು, ಮುಂದಿನದು ಬರಲಿ ಎಂದು ಬೆರಳು ಹೇಳುತ್ತದೆ. ಪರದೆಯ ಮೇಲಿನ ಮಿಕ್ಕ ಎಲ್ಲವೂ ಆ ಮಾತನ್ನು ಕೇಳಿ ಹೊರಟುಹೋಗುತ್ತವೆ. ಕತೆಗಾರರ ಹೆಸರು ಹೋಗುತ್ತದೆ, ಚಿತ್ರ ಹೋಗುತ್ತದೆ, ತುಂಬಾ ಕಷ್ಟಪಟ್ಟು ಬರೆದ ಮೊದಲ ವಾಕ್ಯವೂ ಹೋಗುತ್ತದೆ. ಕೇಳಿಯೂ ಕೇಳಿಸದಂತೆ ನಿಲ್ಲುವುದು ಈ ಪಟ್ಟಿ ಮಾತ್ರ. ಅಂದರೆ ಪ್ರಶ್ನೆ ಅಂದಚಂದದ್ದಲ್ಲ. ಒಬ್ಬರು 'ಸರಿ' ಎಂದ ಮೇಲೂ ಅವರ ಕಣ್ಣೆದುರು ನಿಲ್ಲಲು ನನಗೇನು ಹಕ್ಕು? ಏನು ಬೇಕು ಕೇಳು ಎಂದ ಅಲೆಕ್ಸಾಂಡರನಿಗೆ ಡಯೋಜೆನಿಸ್ ಬಿಸಿಲು ಬಿಟ್ಟು ಪಕ್ಕಕ್ಕೆ ಸರಿ ಎಂದನಂತೆ. ಪ್ಲೂಟಾರ್ಕ್ ಬರೆದಿರುವ ಆ ಪ್ರಸಂಗವನ್ನು ಕಾಲೇಜಿನಲ್ಲಿ ಓದುವಾಗ ನಾನು ಸಹಜವಾಗಿಯೇ ಡಯೋಜೆನಿಸನ ಪಕ್ಷದಲ್ಲಿದ್ದೆ. ಅಡ್ಡ ನಿಂತವನು ನಾನೇ ಆಗಬಹುದು ಎಂದು ಆಗ ಹೊಳೆದಿರಲಿಲ್ಲ.

(ಇಲ್ಲಿ ಸ್ಥಾವರ ಮತ್ತು ಜಂಗಮ ಎಂಬ ಮಾತು ನಿಮ್ಮ ನಾಲಗೆಯ ತುದಿಗೆ ಬಂದಿರಬಹುದು. ನನಗೂ ಬಂತು. ಆದರೆ ಹನ್ನೆರಡನೆಯ ಶತಮಾನದವರನ್ನು ಮೆನುಪಟ್ಟಿಯ ಜಗಳಕ್ಕೆ ಎಳೆದು ತರುವುದು ಬೇಡ.)

ಒಂದು ಆಕ್ಷೇಪಣೆ ಕೂಡಲೇ ಬರುತ್ತದೆ. ಅಚ್ಚಿನ ಪುಸ್ತಕದಲ್ಲೂ ಪ್ರತಿ ಪುಟದ ನೆತ್ತಿಯ ಮೇಲೆ ಪುಸ್ತಕದ ಹೆಸರೋ ಅಧ್ಯಾಯದ ಹೆಸರೋ ಇರುವುದಿಲ್ಲವೇ? ಇನ್ನೂರು ಪುಟದ ಕಾದಂಬರಿಯಲ್ಲಿ ನೂರು ಸಲ ಅದೇ ಹೆಸರು. ಯಾರೂ ದೂರುವುದಿಲ್ಲ. ಇದನ್ನು ಬಹಳ ದಿನ ಯೋಚಿಸಿದೆ. ಉತ್ತರ ಅತ್ತೆಯ ಮೇಜಿನ ಮೇಲೇ ಇತ್ತು. ಕಣ್ಣು ಇಷ್ಟು ಕೆಡುವ ಮುಂಚೆ ಅವರು ಪುಸ್ತಕದ ಮೇಲೆ ದಪ್ಪ ಭೂತಗನ್ನಡಿ ಸರಿಸುತ್ತಾ ಓದುತ್ತಿದ್ದರು. ಗಾಜು ಮೂರನೆಯ ಸಾಲಿಗೆ ಬಂದೊಡನೆ ನೆತ್ತಿಯ ಹೆಸರು ಗಾಜಿನಿಂದಾಚೆ ಉಳಿಯುತ್ತಿತ್ತು. ಪುಸ್ತಕದ ಆ ಹೆಸರು ಅಂಚಿನ ಖಾಲಿ ಜಾಗದಲ್ಲಿರುತ್ತದೆ, ಕತೆಯ ಜಾಗವನ್ನು ಕಸಿಯುವುದಿಲ್ಲ, ಅಕ್ಷರಗಳನ್ನು ಹಿಗ್ಗಿಸಿದವರ ಜೊತೆ ತಾನೂ ಹಿಗ್ಗಿ ಬೆನ್ನುಹತ್ತುವುದಿಲ್ಲ. ನನ್ನ ಪಟ್ಟಿಯಾದರೋ ಭೂತಗನ್ನಡಿಯ ಗಾಜಿಗೇ ಅಂಟಿಸಿದ ಚೀಟಿ. ಕಣ್ಣು ಚೆನ್ನಾಗಿರುವವರಿಗೆ ಅದು ಪರದೆಯ ಸಣ್ಣದೊಂದು ಭಾಗ, ಕಣ್ಣು ಕೆಟ್ಟವರಿಗೆ ಅರ್ಧಕ್ಕೂ ಮೀರಿದ್ದು. ಅಂದರೆ ಸುಂಕ ಎಲ್ಲರಿಗೂ ಒಂದೇ ಅಲ್ಲ, ಯಾರ ಬಳಿ ಜಾಗ ಕಡಿಮೆಯೋ ಅವರಿಂದಲೇ ಹೆಚ್ಚು ವಸೂಲಿ.

ಬೆಂಗಳೂರಿಗೆ ಮರಳಿದ ಮೇಲೆ ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿದೆ. ನನಗಿಂತ ಹಿರಿಯರು, ಸಂಬಳದ ಕೆಲಸ ಮುಗಿಸಿ ರಾತ್ರಿ ಹೊತ್ತು ಪತ್ರಿಕೆ ನೋಡಿಕೊಳ್ಳುವವರು. ಎರಡೂ ಪಟ್ಟಿಗಳನ್ನು ಬಿಡಿಸಿಬಿಡೋಣ ಸರ್ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗಿನ ಪಟ್ಟಿ ಹಾಕಿದ ಮೇಲೆಯೇ ನಾಲ್ಕು ಜನ ಚಂದಾ ಕೊಡೋಕೆ ಶುರು ಮಾಡಿದ್ದು. ಅದರಲ್ಲೇ ಬರೆಯೋರಿಗೆ ಗೌರವಧನ ಕೊಡ್ತಿರೋದು. ನಿಮ್ಮ ಅತ್ತೆಯವರ ಕಷ್ಟ ಅರ್ಥ ಆಗುತ್ತೆ. ಪತ್ರಿಕೆ ನಿಂತುಹೋದ್ರೆ ಅವರು ಓದೋದು ಏನನ್ನ?" ಎಂದರು.

ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಈಗಲೂ ಇಲ್ಲ. ವೆಬ್‌ನ ಕಿರಿಕಿರಿಗಳ ಬಗ್ಗೆ ಬರೆಯುವವರೆಲ್ಲ ಎದುರುಗಡೆ ಒಬ್ಬ ದುರಾಸೆಯ ವ್ಯಾಪಾರಿಯನ್ನು ಕೂರಿಸಿಕೊಂಡು ಬರೆಯುತ್ತಾರೆ. ನನ್ನೆದುರು ಇದ್ದವರು ಕೈಯಿಂದ ದುಡ್ಡು ಹಾಕಿ ಪತ್ರಿಕೆ ನಡೆಸುವ ಮನುಷ್ಯ. ಅವರು ಇನ್ನೊಂದನ್ನೂ ಹೇಳಿದರು. ಪಟ್ಟಿ ತೆಗೆದರೂ ಅದೊಂದು ತೀರ್ಮಾನವೇ ತಾನೇ, ಆಗ ಯಾರೂ ಚಂದಾ ಕೊಡದ ಹಾಗೆ ನೀವೇ ಮಾಡಿದಂತಾಗುತ್ತದೆ. ಥೇಲರ್ ಮತ್ತು ಸನ್‌ಸ್ಟೀನ್ 2008ರ 'ನಡ್ಜ್' ಪುಸ್ತಕವನ್ನು ಶಾಲೆಯ ಕ್ಯಾಂಟೀನಿನ ಉದಾಹರಣೆಯಿಂದ ಶುರುಮಾಡುತ್ತಾರೆ. ತಿಂಡಿಗಳನ್ನು ಯಾವುದಾದರೂ ಒಂದು ಕ್ರಮದಲ್ಲಿ ಇಡಲೇಬೇಕು, ಹೇಗೆ ಇಟ್ಟರೂ ಮಕ್ಕಳು ಏನು ತಿನ್ನುತ್ತಾರೆ ಎಂಬುದು ಅದರಿಂದ ಬದಲಾಗುತ್ತದೆ, ಹಾಗಾಗಿ ತಟಸ್ಥವಾದ ಜೋಡಣೆ ಎಂಬುದೇ ಇಲ್ಲ ಎಂದು ಅವರ ವಾದ. ಸಂಪಾದಕರು ಆ ಪುಸ್ತಕ ಓದಿರಲಿಕ್ಕಿಲ್ಲ, ವಾದ ಮಾತ್ರ ಅದೇ. ನಾನು ಬರೀ ಕೋಡ್ ಬರೆಯುವವನು ಎಂದು ಕೈ ತೊಳೆದುಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತು.

ಮೂರನೆಯವನೊಬ್ಬನ ಅಭಿಪ್ರಾಯವೂ ಬಂತು. ನಮ್ಮ ಕಚೇರಿಯ ಗೆಳೆಯ ನಗುತ್ತಾ, ಅಷ್ಟೆಲ್ಲ ತಲೆ ಕೆಡಿಸ್ಕೋಬೇಡ, ಒಂದು ನಿಮಿಷ ಆದ ಮೇಲೆ ಆ ಪಟ್ಟಿ ಯಾರ ಕಣ್ಣಿಗೂ ಬೀಳಲ್ಲ ಎಂದ. ಅವನ ಮಾತಿಗೆ ಆಧಾರವಿದೆ. ಪುಟದಲ್ಲಿ ಜಾಹೀರಾತಿನಂತೆ ಕಾಣುವುದನ್ನೆಲ್ಲ ಜನರ ಕಣ್ಣು ತಾನಾಗಿ ಬಿಟ್ಟುಬಿಡುತ್ತದೆ ಎಂಬುದನ್ನು ಬೆನ್ವೇ ಮತ್ತು ಲೇನ್ ಎಂಬ ಇಬ್ಬರು 1998ರಲ್ಲೇ ಗುರುತಿಸಿ ಅದಕ್ಕೆ 'ಬ್ಯಾನರ್ ಕುರುಡು' ಎಂಬರ್ಥದ ಹೆಸರಿಟ್ಟಿದ್ದರು. ಆದರೆ ಈ ವಾದ ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುತ್ತದೆ. ಯಾರೂ ನೋಡುವುದಿಲ್ಲವಾದರೆ ಅಲ್ಲಿ ನಿಲ್ಲಿಸುವುದು ಏಕೆ? ನೋಡಿಯೇ ಚಂದಾ ಕೊಡುತ್ತಾರೆ ಎಂದಾದರೆ ತೊಂದರೆಯಿಲ್ಲ ಎನ್ನುವುದು ಹೇಗೆ? ಅದೂ ಅಲ್ಲದೆ, ಕಂಡೂ ಕಾಣದಂತಿರುವ ಸೌಕರ್ಯ ಇರುವುದು ಪಟ್ಟಿ ಸಣ್ಣದಾಗಿ ಕಾಣುವವರಿಗೆ. ಸಾಲಿನ ಮೇಲೆಯೇ ಕೂತದ್ದನ್ನು ಕಾಣದಂತಿರುವುದು ಸಾಧ್ಯವಿಲ್ಲ.

ಇಷ್ಟಾದರೂ ಒಂದು ಅನುಮಾನ ಹೋಗಿರಲಿಲ್ಲ. ಇದು ನಿಜವಾಗಿ ನೈತಿಕ ಪ್ರಶ್ನೆಯೇ? ನಲವತ್ತು ಪಿಕ್ಸೆಲ್ ಜಾಗಕ್ಕೆ ಧರ್ಮಜಿಜ್ಞಾಸೆ ಅತಿಯಾಯಿತಲ್ಲವೇ? ಆಗ ನೆನಪಾದದ್ದು ಡೆರೆಕ್ ಪಾರ್ಫಿಟ್. 1984ರ 'ರೀಸನ್ಸ್ ಅಂಡ್ ಪರ್ಸನ್ಸ್' ಪುಸ್ತಕದಲ್ಲಿ ಅವನೊಂದು ಘೋರವಾದ ಊಹೆ ಕಟ್ಟುತ್ತಾನೆ. ಸಾವಿರ ಜನ ಹಿಂಸಕರು, ಸಾವಿರ ಜನ ಬಲಿಗಳು. ಹಿಂದೆಲ್ಲ ಒಬ್ಬೊಬ್ಬ ಹಿಂಸಕ ಒಬ್ಬೊಬ್ಬನನ್ನು ಹಿಂಸಿಸುತ್ತಿದ್ದ. ಈಗ ಹೊಸ ಯಂತ್ರ ಬಂದಿದೆ. ಪ್ರತಿಯೊಬ್ಬ ಹಿಂಸಕನೂ ಒಂದು ಗುಂಡಿ ಒತ್ತುತ್ತಾನೆ, ಅದರಿಂದ ಸಾವಿರ ಬಲಿಗಳಲ್ಲಿ ಒಬ್ಬೊಬ್ಬರ ನೋವೂ ಗೊತ್ತೇ ಆಗದಷ್ಟು ಮಾತ್ರ ಹೆಚ್ಚುತ್ತದೆ. ಕೊನೆಗೆ ಎಲ್ಲರಿಗೂ ಆಗುವ ಹಿಂಸೆ ಮೊದಲಿನಷ್ಟೇ. ಆದರೆ ಈಗ ಪ್ರತಿಯೊಬ್ಬ ಹಿಂಸಕನೂ, ನನ್ನಿಂದ ಯಾರಿಗೂ ಏನೂ ಆಗಿಲ್ಲ ಎಂದು ಹೇಳಬಹುದು. ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗದು ಎಂದು ತೋರಿಸುವುದು ಪಾರ್ಫಿಟನ ಉದ್ದೇಶ. ಒಂದೊಂದು ಕೆಲಸದ ಫಲವನ್ನು ಬಿಡಿಯಾಗಿ ತೂಗುವುದರಲ್ಲೇ ನಾವು ಎಡವುತ್ತಿದ್ದೇವೆ ಎನ್ನುತ್ತಾನೆ.

ಹಿಂಸೆಗೂ ಮೆನುಪಟ್ಟಿಗೂ ಹೋಲಿಕೆ ಇಲ್ಲ, ಗೊತ್ತು. ಲೆಕ್ಕದ ರೀತಿ ಮಾತ್ರ ಒಂದೇ. ಯಾವುದಾದರೂ ಸುದ್ದಿತಾಣವನ್ನು ಫೋನಿನಲ್ಲಿ ತೆರೆಯಿರಿ. ಮೇಲೆ ಹೆಸರಿನ ಪಟ್ಟಿ, ವಿನ್ಯಾಸದವರು ಹಾಕಿದ್ದು. ಅದರ ಕೆಳಗೆ ವಿಭಾಗಗಳ ಸಾಲು, ಸಂಪಾದಕೀಯದವರದು. ಅಡಿಯಲ್ಲಿ ಕುಕಿಗಳಿಗೆ ಒಪ್ಪಿಗೆ ಕೇಳುವ ಪಟ್ಟಿ, ವಕೀಲರ ಸಲಹೆ. ಬಲಮೂಲೆಯಲ್ಲಿ ತೇಲುವ ವಾಟ್ಸಾಪ್ ಗುಂಡಿ, ಮಾರುಕಟ್ಟೆಯವರ ಬೇಡಿಕೆ. ಆ್ಯಪ್ ಹಾಕಿಕೊಳ್ಳಿ ಎನ್ನುವುದು ಇನ್ಯಾರದೋ. ಪ್ರತಿಯೊಬ್ಬರದೂ ನಲವತ್ತೇ ಪಿಕ್ಸೆಲ್, ಪ್ರತಿಯೊಬ್ಬರೂ ಒಳ್ಳೆಯವರು. ಇವೆಲ್ಲ ಒಟ್ಟುಗೂಡುವುದು ಯಾವ ಕಚೇರಿಯ ಮೇಜಿನ ಮೇಲೂ ಅಲ್ಲ, ಓದುವವರ ಅಂಗೈಯಲ್ಲಿ. ನಮ್ಮ ಪತ್ರಿಕೆಯಲ್ಲಿ ಇದ್ದದ್ದು ಎರಡೇ ಪಟ್ಟಿ, ಎರಡನ್ನೂ ಹಾಕಿದವನು ನಾನೇ. ಕೂಡಿಸಿ ನೋಡುವ ಅವಕಾಶ ನನಗಿತ್ತು, ನೋಡಿರಲಿಲ್ಲ.

ಹಾಗೆಂದು ನಿಂತಿರುವ ಪಟ್ಟಿಗಳೆಲ್ಲ ಕೆಟ್ಟವೆಂದೇನೂ ನನಗನ್ನಿಸುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯದ ಚಹರೆ 2023ರ ಜನವರಿಯಲ್ಲಿ ಬದಲಾಯಿತು. ಲೇಖನದ ಒಳಗಿದ್ದ ಪರಿವಿಡಿ ಎಡಬದಿಗೆ ಹೋಗಿ, ಓದುಗರ ಜೊತೆಗೇ ಇಳಿದು ಬರತೊಡಗಿತು, ಈಗ ನೀವು ಯಾವ ಭಾಗದಲ್ಲಿದ್ದೀರಿ ಎಂದು ತೋರಿಸುತ್ತಾ. ಹಳೆಯ ರೂಪವೇ ಚೆನ್ನಾಗಿತ್ತು ಎಂದು ಅಲ್ಲಿ ದೊಡ್ಡ ಜಗಳವೇ ಆಯಿತು. ನನಗೆ ಆ ಬದಿಪಟ್ಟಿ ಇಷ್ಟ. ವಿಜಯನಗರದ ಬಗ್ಗೆ ಉದ್ದದ ಲೇಖನ ಓದುವ ವಿದ್ಯಾರ್ಥಿಗೆ ನೀರಾವರಿಯಿಂದ ಸಾಹಿತ್ಯಕ್ಕೆ, ಅಲ್ಲಿಂದ ವಾಸ್ತುವಿಗೆ ಹಾರುವುದೇ ಓದು. ಅಲ್ಲದೆ ಅಗಲ ಪರದೆಯ ಬದಿ ಹೇಗೂ ಖಾಲಿ ಬಿದ್ದಿರುತ್ತದೆ, ಪಟ್ಟಿ ಯಾರ ಸಾಲನ್ನೂ ಮುಚ್ಚುವುದಿಲ್ಲ. ಬೇಡವೆಂದವರು ಅಡಗಿಸಲು ಗುಂಡಿಯಿದೆ, ಪರದೆ ಕಿರಿದಾದರೆ ಅದು ತಾನೇ ಮಡಚಿಕೊಂಡು ಸಣ್ಣ ಚಿಹ್ನೆಯಾಗುತ್ತದೆ. ಇಷ್ಟನ್ನೂ ಯಾರೋ ಕೂತು ಯೋಚಿಸಿದ್ದಾರೆ. ಆದರೆ ಸಣ್ಣಕತೆಗೆ ಪರಿವಿಡಿ ಇಲ್ಲ, ಹಾರಿ ಹೋಗಲು ಜಾಗವಿಲ್ಲ. ಕತೆಯ ನಡುವೆ ನಿಂತ ಮೆನು ಹೇಳುವುದು ಒಂದನ್ನೇ: ಬೇಜಾರಾದರೆ ಹೇಳಿ, ಬೇರೆ ಕತೆಗಳೂ ಇವೆ.

ನಿಯಮಗಳಿಲ್ಲವೇ ಎಂದು ಕೇಳಬಹುದು. ಇವೆ. ಎಲ್ಲರಿಗೂ ಎಟಕುವ ವೆಬ್‌ಗಾಗಿ ಇರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2018ರ ಆವೃತ್ತಿ, ಶೇಕಡ 400ಕ್ಕೆ ಹಿಗ್ಗಿಸಿದಾಗಲೂ ಅಡ್ಡಡ್ಡ ಎಳೆಯದೆ ಓದಲು ಬರಬೇಕು ಎನ್ನುತ್ತದೆ. ಅತ್ತೆಯ ಪರದೆಯಲ್ಲಿ ನನ್ನ ತಾಣ ಅಡ್ಡಡ್ಡ ಸರಿಯುತ್ತಿರಲಿಲ್ಲ. 2023ರ ಆವೃತ್ತಿ, ಕೀಲಿಮಣೆಯಿಂದ ಕೊಂಡಿಗಳ ಮೇಲೆ ಸಾಗುವವರಿಗೆ ತಾವಿರುವ ಕೊಂಡಿ ಇಂಥ ಪಟ್ಟಿಗಳ ಹಿಂದೆ ಪೂರ್ತಿ ಮುಚ್ಚಿಹೋಗಬಾರದು ಎನ್ನುತ್ತದೆ. ಅರ್ಧ ಕಂಡರೂ ಪಾಸು. ಅದೂ ಪಾಸು. ಎರಡರಲ್ಲೂ ಪಾಸಾದ ತಾಣದಲ್ಲಿ ನಮ್ಮತ್ತೆಗೆ ಒಂದು ಕತೆ ಓದಲಾಗಲಿಲ್ಲ.

ಕೊನೆಗೆ ಸಂಪಾದಕರೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಕೆಳಗಿನ ಚಂದಾಪಟ್ಟಿ ಹೋಯಿತು, ಅದರ ಬದಲು ಪ್ರತಿ ಕತೆ ಮುಗಿದ ಮೇಲೆ ಎರಡು ಸಾಲಿನ ವಿನಂತಿ. ಮೇಲಿನ ಪಟ್ಟಿಗೆ ಅಂಟಿಕೊಳ್ಳುವ ಬುದ್ಧಿ ಉಳಿಯಿತು, ಆದರೆ ಪರದೆಗೆ ಸಾಕಷ್ಟು ಎತ್ತರವಿದ್ದರೆ ಮಾತ್ರ. ಇದಕ್ಕೆ ಬೇಕಾದದ್ದು ಒಂದೇ ಸಾಲಿನ ಷರತ್ತು, ಅಗಲಕ್ಕೆ ನಾನು ನೂರಾರು ಸಲ ಬರೆದಂಥದ್ದೇ. ಮುಂದಿನ ಎರಡು ತಿಂಗಳು ಚಂದಾ ಕಡಿಮೆ ಬಂತು. ಪಟ್ಟಿ ತೆಗೆದದ್ದಕ್ಕೋ, ಪರೀಕ್ಷೆಯ ಕಾಲವಾದ್ದಕ್ಕೋ ಹೇಳಲಾರೆ. ಒಬ್ಬ ಹೊಸ ಕತೆಗಾರ್ತಿಗೆ ಕೊಡಬೇಕಿದ್ದ ಗೌರವಧನ ತಡವಾಯಿತು. ಸಂಪಾದಕರು ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಓದುಗರ ಕಣ್ಣೆದುರಿನ ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆ ಎಂದು ನಾನು ಬೀಗುವಾಗ, ಅದರ ಬೆಲೆಯನ್ನು ಕೊಟ್ಟದ್ದು ನಾನಲ್ಲ.

ಅತ್ತೆಗೆ ಫೋನ್ ಮಾಡಿ, ಈಗ ಓದಿ ನೋಡಿ ಎಂದೆ. ವಾರದ ನಂತರ ಅವರೇ ಕರೆ ಮಾಡಿದರು. "ಎಲ್ಲೋ ಹೋಯ್ತು ಆ ಪಟ್ಟಿ? ಅದ್ರಲ್ಲಿ ಹುಡುಕೋ ಕನ್ನಡಿ ಇತ್ತಲ್ಲ. ಇನ್ನೊಂದು ಕತೆ ಹುಡುಕೋಣ ಅಂದ್ರೆ ಮೇಲಿನ ತನಕ ಹತ್ತಬೇಕು, ಕೈ ನೋಯುತ್ತೆ."

ನ್ಯಾಯವೇ. ಎರಡು ಸಾಲಿನ ಕಿಂಡಿಯಲ್ಲಿ ಓದಿ ಬಂದವರಿಗೆ ಪುಟದ ನೆತ್ತಿ ಬಹಳ ದೂರ. ಇದಕ್ಕೊಂದು ಪ್ರಸಿದ್ಧ ಪರಿಹಾರವಿದೆ, ಅದನ್ನೇ ಹಾಕಿದೆ. ಕೆಳಗೆ ಸರಿಸುವಾಗ ಪಟ್ಟಿ ಅಡಗುತ್ತದೆ, ಮೇಲಕ್ಕೆ ಸರಿಸಿದೊಡನೆ ಪ್ರತ್ಯಕ್ಷವಾಗುತ್ತದೆ. ನನಗೆ ಬಹಳ ಹಿಡಿಸಿತು. ಮದುವೆ ಮನೆಯ ಪಂಕ್ತಿಯಲ್ಲಿ ಒಳ್ಳೆಯ ಬಡಿಸುವವರು ಹೀಗೇ ತಾನೇ, ಹುಳಿಯ ಬಕೆಟ್ಟು ಹಿಡಿದು ಎಲೆಯ ಮುಂದೆಯೇ ನಿಂತು ಉಣ್ಣುವವರ ಬಾಯಿ ನೋಡುವುದಿಲ್ಲ, ತಲೆ ಎತ್ತಿದರೆ ಹಾಜರಾಗುತ್ತಾರೆ.

ಅತ್ತೆಗೆ ಹಿಡಿಸಲಿಲ್ಲ. "ಒಂದು ವಾಕ್ಯ ಚೆನ್ನಾಗಿತ್ತು ಅಂತ ಇನ್ನೊಂದ್ಸಲ ಓದೋಕೆ ಮೇಲೆ ಹೋದ್ರೆ, ಧುತ್ ಅಂತ ಬಂದು ಅದೇ ವಾಕ್ಯದ ಮೇಲೆ ಕೂರುತ್ತೆ ಕಣೋ."

ಇದು ನನಗೆ ಹೊಳೆದೇ ಇರಲಿಲ್ಲ. ಹಿಂದಕ್ಕೆ ಹೋಗುವವರೆಲ್ಲ ಮೆನು ಹುಡುಕುತ್ತಿದ್ದಾರೆ ಎಂದು ಊಹಿಸುವುದು, ಯಾವುದನ್ನೂ ಎರಡು ಸಲ ಓದದವರು ಕಟ್ಟಿದ ಊಹೆ. ಸಾಹಿತ್ಯ ಓದುವವರು ಹಿಂದಿರುಗುತ್ತಲೇ ಇರುತ್ತಾರೆ. ಆ ಮಾತನ್ನು ಹೇಳಿದ್ದು ಅಣ್ಣನೋ ತಮ್ಮನೋ ಎಂದು ನೋಡಲು, ಒಂದು ಕ್ರಿಯಾಪದವನ್ನು ಮತ್ತೆ ಸವಿಯಲು, ಒಮ್ಮೊಮ್ಮೆ ಮನಸ್ಸು ಎಲ್ಲೋ ಹೋಗಿದ್ದಕ್ಕೆ. ನನ್ನ ಬಡಿಸುವವನು ತಲೆ ಎತ್ತಿದವರಿಗೆಲ್ಲ ಹುಳಿ ಸುರಿಯುತ್ತಿದ್ದ.

ಅದನ್ನೂ ತೆಗೆದೆ. ಈಗ ಪಟ್ಟಿಯ ತುದಿಯಲ್ಲಿ ಗುಂಡುಸೂಜಿಯ ಒಂದು ಚಿತ್ರವಿದೆ. ಒತ್ತಿದರೆ ಪಟ್ಟಿ ತೆಳ್ಳಗಾಗಿ ನಿಲ್ಲುತ್ತದೆ, ಮತ್ತೆ ಒತ್ತಿದರೆ ಪುಟದ ಜೊತೆ ಹೋಗುತ್ತದೆ, ಮುಂದಿನ ಸಲ ತೆರೆದಾಗ ಯಂತ್ರಕ್ಕೆ ನಿಮ್ಮ ಇಷ್ಟ ನೆನಪಿರುತ್ತದೆ. ಆಯ್ಕೆ ಓದುಗರಿಗೇ ಬಿಟ್ಟೆ ಎಂದು ನೆಮ್ಮದಿಪಟ್ಟುಕೊಳ್ಳುವಂತಿಲ್ಲ. ಹೆಚ್ಚಿನವರು ಇಂಥ ಗುಂಡಿಗಳನ್ನು ಮುಟ್ಟುವುದೇ ಇಲ್ಲ, ಮೊದಲು ಹೇಗಿಟ್ಟಿದ್ದೇವೋ ಹಾಗೇ ಓದುತ್ತಾರೆ. ಹಾಗಾಗಿ ಅದನ್ನು ಹೋಗುವ ಪಟ್ಟಿಯಾಗಿಯೇ ಇಟ್ಟಿದ್ದೇನೆ. ಸಂಪಾದಕರು ಇನ್ನೂ ಪೂರ್ತಿ ಒಪ್ಪಿಲ್ಲ. ವರ್ಷದ ಕೊನೆಗೆ ಲೆಕ್ಕ ನೋಡಿ ಮತ್ತೆ ಮಾತಾಡೋಣ ಎಂದಿದ್ದಾರೆ.

ದೀಪಾವಳಿಗೆ ಹಾಸನಕ್ಕೆ ಹೋದಾಗ ಅತ್ತೆಯ ಲ್ಯಾಪ್‌ಟಾಪ್ ತೆರೆದು ನೋಡಿದೆ. ಅವರು ಸೂಜಿ ಒತ್ತಿ ಪಟ್ಟಿಯನ್ನು ನಿಲ್ಲಿಸಿಕೊಂಡಿದ್ದರು. ಈಗ ಅದು 20 ಪಿಕ್ಸೆಲ್ ಅಷ್ಟೆ, ಹೆಚ್ಚೆಂದರೆ ಒಂದು ಸಾಲಿನ ಜಾಗ. ಆದರೂ ನನಗೆ ಆಶ್ಚರ್ಯವಾಯಿತು. ಯಾಕತ್ತೆ, ಬೇಡ ಅಂದಿದ್ರಲ್ಲ ಎಂದೆ.

"ಇರ್ಲಿ ಬಿಡು. ಓದ್ತಾ ಓದ್ತಾ ನಿದ್ದೆ ಬಂದುಬಿಡುತ್ತೆ. ಎದ್ದ ಮೇಲೆ ಯಾವುದನ್ನ ಓದ್ತಿದ್ದೆ ಅಂತ ಗೊತ್ತಾಗಬೇಕಲ್ಲ" ಎಂದು, ಕನ್ನಡಕ ಒರೆಸಿಕೊಂಡು, ನನ್ನನ್ನು ಕುರ್ಚಿಯಿಂದ ಎಬ್ಬಿಸಿದರು.